ಬಜ್ಪೆಯಿಂದ ಮುಕ್ಕಾಲು ಗಂಟೆ

ಮುಕ್ಕಾಲು ಗಂಟೆ ಎಂದೇ ಮಾವ ಹೇಳಿದ್ದು, ಅಥವಾ ಒಂದು ಗಂಟೆ ಎಂದರೋ. ಇಷ್ಟು ವರ್ಷ ಹೇಳಿ ಹೇಳಿ ಆ ಮಾತನ್ನು ನಾನೇ ಸವೆಸಿಬಿಟ್ಟಿರಬಹುದು. ತೊಂಬತ್ತರ ದಶಕದ ಕೊನೆ, ಮಳೆಗಾಲ. ಇಷ್ಟು ಖಚಿತ: ಅವ್ವ ಹರಿಹರದ ಮನೆಯಲ್ಲಿ ನಸುಕಿನಲ್ಲಿ ತೀರಿಕೊಂಡಿದ್ದಳು, ಅಕ್ಕ ಮಂಗಳೂರಿನಲ್ಲಿದ್ದಳು, ಹೊತ್ತು ಮುಳುಗುವುದರೊಳಗೆ ಪಕ್ಕದ ಸಾರಥಿ ಊರಿನ ನಮ್ಮ ಹೊಲದಲ್ಲಿ ಮಣ್ಣು ಮಾಡಬೇಕಿತ್ತು.

ಮಾವ ಎಂದರೆ ಅವ್ವನ ಅಣ್ಣ. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ. ತವರಿನ ಸೀರೆ ಹೊದಿಸುವವರು ಅವರೇ ಆದ್ದರಿಂದ ಆ ದಿನ ನಡೆದದ್ದೆಲ್ಲ ಅವರ ಮಾತು. ಒಮ್ಮೆ ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದಿದ್ದರು. ಆಮೇಲೆ ದೂರಗಳನ್ನೆಲ್ಲ ಅದರಲ್ಲೇ ಅಳೆಯುತ್ತಿದ್ದರು. ಬೀದಿಯ ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಕೂಗಿ ಹೇಳಿದರು:

“ಬಸ್ಸು ಬ್ಯಾಡವ್ವ. ಇಡೀ ದಿನ ಘಾಟಿಯಾಗ ಕುಲುಕಾಡಿಕೆಂಡು ಬರ್ತೀಯ. ಬಜ್ಪೆಯಾಗ ಪ್ಲೇನ್ ಹತ್ತು, ಮುಕ್ಕಾಲು ಗಂಟೆ. ಬೆಂಗಳೂರಾಗ ಕಾರು ನಿಂತಿರ್ತೈತೆ.”

ಎರಡು ನಿಲ್ದಾಣಗಳ ನಡುವಿನ ಹಾರಾಟ ಅಷ್ಟೇ ಇದ್ದೀತು. ವಿಮಾನ ಹೊರಡುವುದು ಎಷ್ಟೊತ್ತಿಗೆ ಎಂದು ಯಾರೂ ಕೇಳಲಿಲ್ಲ. ಅದು ಅವಳನ್ನು ನಮ್ಮಿಂದ ಇನ್ನೂ ದೂರ ಒಯ್ದು ಇಳಿಸುತ್ತದೆ, ಅಲ್ಲಿಂದ ಅರ್ಧ ರಾಜ್ಯವನ್ನು ಮತ್ತೆ ರಸ್ತೆಯಲ್ಲೇ ದಾಟಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆವು. ಸಾವಿನ ಮನೆಯಲ್ಲಿ ಒಂದು ಸಣ್ಣ ಜಂಬವೂ ಓಡಾಡುತ್ತಿತ್ತು: ಮಗಳು ವಿಮಾನದಲ್ಲಿ ಬರುತ್ತಾಳಂತೆ.

ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಬಂದವರಿಗೆಲ್ಲ ಮಾವ ವಿಮಾನದ ವಿಷಯವನ್ನೇ ಹೇಳಿದರು. ಮಧ್ಯಾಹ್ನ ಕಳೆದ ಮೇಲೆ ಪಕ್ಕದ ಮನೆಯ ಮುದುಕರು ಎಲೆಅಡಿಕೆ ಉಗುಳಿ ಬಂದು ಕೂತರು.

“ಸಾವ್ಕಾರ್ರೇ, ಪ್ಲೇನು ಸೀದಾ ಸಾರಥಿ ಹೊಲದಾಗೇ ಇಳಿತೈತೇನ್ರಿ? ಗುಂಡಿ ಪಕ್ಕ ಒಸಿ ಜಾಗ ಬಿಡ್ಸಾನ?”

“ಸುಮ್ಕೆ ಕೂಡ್ರಿ. ಹತ್ತಿದೋರಿಗೆ ಗೊತ್ತು.”

“ಹತ್ತಿದೋರು ನೀವು. ಕಾಯ್ತಿರೋಳು ನಿಮ್ ತಂಗಿ.”

ಯಾರೋ ನಕ್ಕರು. ನಾನೇ ಇರಬಹುದು.

ಬಿಸಿಲು ಗೋಡೆ ಬಿಟ್ಟು ಇಳಿಯಿತು. ವಿಧಿ ನಡೆಸಲು ಬಂದಿದ್ದ ಅಯ್ಯನವರು ಎದ್ದು ನಿಂತರು. ಮಾವ ಯಾರ ಮುಖವನ್ನೂ ನೋಡದೆ “ಎತ್ರಿ” ಎಂದರು. ಸಾರಥಿಯ ನಮ್ಮ ಹೊಲದಲ್ಲಿ ಅವ್ವನನ್ನು ಕೂರಿಸಿ ಪತ್ರೆ, ವಿಭೂತಿ, ಉಪ್ಪು, ಕೊನೆಗೆ ಮಣ್ಣು ಹಾಕಿದೆವು. ಆಗ ಅಕ್ಕ ತುಮಕೂರು ದಾಟಿದ್ದಳೋ ಚಿತ್ರದುರ್ಗವನ್ನೋ; ಕೇಳುವವರನ್ನು ನೋಡಿಕೊಂಡು ಎರಡನ್ನೂ ಹೇಳಿದ್ದೇನೆ.

ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಬಂದಳು. ಖಾಲಿ ಗೋಡೆಯನ್ನು ನೋಡಿದಳು. ಅಳಲಿಲ್ಲ.

“ಬೆಳಿಗ್ಗೆನೇ ಬಸ್ಸು ಹತ್ತಿದ್ರೆ ಅವ್ವನ ಮುಖ ಸಿಗ್ತಿತ್ತಲ್ಲ ಮಾವ?”

“ಎಲ್ಲಿ ಸಿಗ್ತಿತ್ತು? ಘಾಟಿ ಕುಸಿದಿತ್ತಂತವ್ವ.”

“ಯಾರಂದ್ರು?”

“ಅಂತಿದ್ರು.”

ಬೆಳಗಿನಿಂದ ಆ ಮನೆಯಲ್ಲಿ ಘಾಟಿ ಕುಸಿದ ಸುದ್ದಿಯನ್ನು ನಾನು ಕೇಳಿರಲಿಲ್ಲ. ಕೇಳಿಯೂ ಮರೆತಿದ್ದೇನೆ ಎಂದರೆ ಅದನ್ನೂ ಅಲ್ಲಗಳೆಯಲಾರೆ. ಮರುದಿನ ಬಸ್ ನಿಲ್ದಾಣಕ್ಕೆ ಹೋಗಿ ಯಾವನಾದರೂ ಡ್ರೈವರನ್ನು ವಿಚಾರಿಸಬಹುದಿತ್ತು. ನಾನು ಹೋಗಲಿಲ್ಲ, ಅಕ್ಕನೂ ಹೋಗಲಿಲ್ಲ. ಮಾವ ಈಗಿಲ್ಲ. ಆ ದಿನ ಘಾಟಿಯ ರಸ್ತೆ ತೆರೆದಿತ್ತೋ ಮುಚ್ಚಿತ್ತೋ, ನನಗೆ ಗೊತ್ತಿಲ್ಲ.