ಗಂಜಿಯಮ್ಮನ ಗೋಡೆ

“ಅಮ್ಮಾ, ಗಂಜಿಯಮ್ಮ ದಿನಾ ಗೋಡೆಗೆ ಯಾಕೆ ಸ್ನಾನ ಮಾಡಿಸ್ತಾರೆ?”

ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ನಿಂತ ಪುಟ್ಟಿಯ ಪ್ರಶ್ನೆ ಇದು. ಅವಳ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಯ ಕಾಲರ್ ತಿರುವಿ ಹಾಕುತ್ತಿದ್ದಳು. ಬಾಯಲ್ಲಿ ಎರಡು ಗುಂಡುಸೂಜಿ ಇದ್ದುದರಿಂದ ಬರೀ “ಹೂಂ” ಅಂದಳು. ಮಾರುಕಟ್ಟೆಯ ಎದುರಿನ ಈ ಮೊದಲ ಮಹಡಿಯ ಕೋಣೆಗೆ ಬಂದು ನಾಲ್ಕು ವರ್ಷವಾಗಿತ್ತು. ಮಾರುಕಟ್ಟೆ ಬಾಗಿಲ ಪಕ್ಕದ ಆ ಹಳೇ ತುಂಡುಗೋಡೆ, ಅದರ ಮಗ್ಗುಲಿಗೆ ಗಂಜಿಯ ತಳ್ಳುಗಾಡಿ, ಬೆಳಗಾಗುವ ಮೊದಲೇ ತುದಿಗಾಲಲ್ಲಿ ನಿಂತು ಗೋಡೆಯ ನೆತ್ತಿಯನ್ನು ಒದ್ದೆ ಬಟ್ಟೆಯಿಂದ ಉಜ್ಜುವ ಗಂಜಿಯಮ್ಮ: ಎಲ್ಲವನ್ನೂ ದಿನಾ ನೋಡುತ್ತಿದ್ದಳು. ಯಾಕೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಸೂಜಿ ತೆಗೆದು, “ನೀನೇ ಕೇಳು,” ಎಂದು ಮಗಳ ಕೈಗೆ ಗಂಜಿ ತರುವ ಪಾತ್ರೆ ಕೊಟ್ಟು, ತಾನೂ ಮೆಟ್ಟಿಲಿಳಿದಳು.

ಗಂಜಿಯಮ್ಮನಿಗೆ ಪ್ರಶ್ನೆ ಬಲು ಹಿಡಿಸಿತು. “ಅದು ನನ್ನ ಹಿರೀ ಸೊಸೆ ಕಣೇ ಪುಟ್ಟಿ. ಮೊದಲು ಅದರ ಮುಖ ತೊಳೀಬೇಕು, ಆಮೇಲೆ ನಿಂಗೆ ಗಂಜಿ.” ಗಾಡಿಯ ಹಿಂದೆ ಮೊಣಕಾಲು ಚಾಚಿ ಬಟ್ಟಲು ತೊಳೆಯುತ್ತಿದ್ದ ಗಂಡ ತಲೆಯೆತ್ತದೆ, “ಕಿರೀ ಸೊಸೆ ಎಲ್ಲಿ ಅಂತ ಕೇಳು ಮಗಾ, ನಂಗೂ ಗೊತ್ತಾಗಲಿ,” ಅಂದ.

ಆಮೇಲೆ ಗಂಜಿಯಮ್ಮ ನಿಜವನ್ನೂ ಹೇಳಿದಳು. ಗಂಜಿ ಮಾರುವ ಮೊದಲು ಹನ್ನೊಂದು ವರ್ಷ ಅವಳೂ ಗಂಡನ ಜೊತೆ ಇದೇ ಮಾರುಕಟ್ಟೆಯಲ್ಲಿ ಹೊರೆ ಹೊತ್ತವಳು. ತಲೆಯ ಮೇಲೆ ಹೊರೆ ಏರಿಸಲು ಇಬ್ಬರು ಬೇಕು. ಇಳಿಸಲೂ ಒಬ್ಬರು ಬೇಕು. ಒಂದು ದಿನ ಗೆಣಸಿನ ಚೀಲ ಹೊತ್ತು ಬಂದರೆ ಇಳಿಸಲು ಒಂದು ನರಪಿಳ್ಳೆಯೂ ಬಿಡುವಾಗಿರಲಿಲ್ಲ. ಮಾರುಕಟ್ಟೆಯನ್ನು ಮೂರು ಸುತ್ತು ಸುತ್ತಿದಳು. ಮೂರನೇ ಸುತ್ತಿನಲ್ಲಿ ಈ ಗೋಡೆ ಕಣ್ಣಿಗೆ ಬಿತ್ತು. ಹೆಗಲಿಗಿಂತ ನಾಲ್ಕು ಬೆರಳು ಮೇಲೆ, ನೆತ್ತಿ ಅಗಲ. ಬೆನ್ನು ತಿರುಗಿಸಿ, ಮಂಡಿ ಚೂರು ಬಗ್ಗಿಸಿ, ಚೀಲವನ್ನು ಹಿಂದಕ್ಕೆ ಜಾರಿಸಿದಳು. ಯಾರ ಹಂಗೂ ಇಲ್ಲದೆ ಹೊರೆ ಇಳಿಯಿತು. ಮರುದಿನದಿಂದ ಹಮಾಲರೆಲ್ಲ ಅಲ್ಲೇ ಇಳಿಸತೊಡಗಿದರು. ಇಳಿಸಿದವರಿಗೆ ಹಸಿವಾಗಿರುತ್ತಿತ್ತು. ಗಂಡನ ಮೊಣಕಾಲು ಕೈಕೊಟ್ಟ ವರ್ಷ ಅವಳು ಅಲ್ಲಿ ಒಲೆ ಹೂಡಿದಳು.

“ಗೋಡೆ ಮೇಲೆ ಒಂದು ಹಿಡಿ ಮರಳು ಕೂತಿದ್ರೂ ಚೀಲ ಜಾರಲ್ಲ ಕಣೇ, ತಡೆದು ನಿಲ್ಲತ್ತೆ. ಕತ್ತು ಲಟಕ್ ಅನ್ನತ್ತೆ. ಅದಕ್ಕೇ ಸ್ನಾನ.”

ಆ ವಾರವೇ ಪುರಸಭೆಯ ನೋಟಿಸು ಬಂದದ್ದು. ದಾರಿ ಇಕ್ಕಟ್ಟಾಗಿದೆ, ತಿಂಡಿ ಗಾಡಿಗಳೆಲ್ಲ ಹಿಂದಿನ ಹೊಸ ಕಟ್ಟಡದ ಎರಡನೇ ಮಹಡಿಗೆ ಹೋಗಬೇಕು. ಎರಡನೇ ದಿನ ಕಾಲೇಜಿನ ಮೇಷ್ಟ್ರು ಇಪ್ಪತ್ತು ವಿದ್ಯಾರ್ಥಿಗಳನ್ನು ಕರೆತಂದು ಧರಣಿ ಕೂತರು. ‘ತಳ್ಳುಗಾಡಿ ಉಳಿಸಿ’ ಎಂಬ ಬ್ಯಾನರಿನ ಅಂಚು ಮಡಚಿ ಹೊಲಿದವಳು ಪುಟ್ಟಿಯ ತಾಯಿ. ಬೀದಿಯಲ್ಲಿ ಎಲ್ಲರೂ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಕೆಳಗಿನ ಬಟ್ಟೆ ಅಂಗಡಿಯವರು ಅವಳಿಗೆ ದಿನಾ ಪ್ಯಾಂಟು ಕಿರಿದು ಮಾಡುವ ಕೆಲಸ ಕೊಡುವವರು. ಅವರು ಪ್ಯಾಂಟಿನ ಕಟ್ಟು ಕೊಡುವಾಗ ಒಂದು ಮಾತು ಚುಚ್ಚದೆ ಬಿಡಲಿಲ್ಲ.

“ಬ್ಯಾನರ್ ಹೊಲಿಗೆ ಗಟ್ಟಿಯಾಗೇ ಬಂದಿದೆ ಟೈಲರಮ್ಮ. ನನ್ನ ಅಂಗಡಿಗೆ ಗಿರಾಕಿ ಬರೋಕೇ ಜಾಗ ಇಲ್ಲ, ಅದನ್ನೂ ಒಂದು ಬ್ಯಾನರ್ ಮಾಡಿ ಕೊಡ್ತೀರಾ?”

“ಬಟ್ಟೆ ತಂದ್ಕೊಡಿ ಸಾರ್, ಅಷ್ಟೇ ಗಟ್ಟಿಯಾಗಿ ಹೊಲೀತೀನಿ,” ಅಂದಳು ಅವಳು. ಒಳಗೊಳಗೇ ಅಳುಕಿತ್ತು.

ಮೂರನೇ ದಿನ ಪುರಸಭೆಯ ಇಂಜಿನಿಯರ್ ಬಂದ. ಎಳೆಯ ವಯಸ್ಸು, ಕಂಕುಳಲ್ಲಿ ಫೈಲು, ಎಲ್ಲರಿಗೂ ಒಳ್ಳೆಯವನಾಗಬೇಕೆಂಬ ಆಸೆ. ಅಳೆಯದೆಯೇ ಕಣ್ಣಳತೆಯಲ್ಲಿ ಒಂದು ದಾರಿ ಹುಡುಕಿದ. “ಗಾಡಿಗಳು ಇಲ್ಲೇ ಇರಲಿ. ಈ ತುಂಡುಗೋಡೆ ಯಾವುದಕ್ಕೂ ಸೇರಿದ್ದಲ್ಲ. ಇದನ್ನು ಒಡೆದ್ರೆ ದಾರಿ ಅಗಲ ಆಗತ್ತೆ. ಮುಗೀತಲ್ಲ.”

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಬಟ್ಟೆ ಅಂಗಡಿಯವರು ಮೊದಲ ಬಾರಿಗೆ ನಕ್ಕರು. ವಿದ್ಯಾರ್ಥಿಗಳು ಬ್ಯಾನರ್ ಸುತ್ತತೊಡಗಿದರು.

“ಗೋಡೆ ಮುಟ್ಟಬೇಡಿ,” ಎಂದಳು ಗಂಜಿಯಮ್ಮ.

ಮೇಷ್ಟ್ರು ಹತ್ತಿರ ಬಂದು ಮಗುವಿಗೆ ಹೇಳುವ ಹಾಗೆ ಹೇಳಿದರು. “ಅಮ್ಮಾ, ನಿಮಗೆ ಅರ್ಥ ಆಗಿಲ್ಲ ಅನ್ಸತ್ತೆ. ನಾವು ಗೆದ್ವಿ. ನಿಮ್ಮ ಗಾಡಿ ಉಳೀತು.”

“ಅರ್ಥ ಆಯ್ತು ಮೇಷ್ಟ್ರೇ. ಗಾಡಿ ಉಳೀತು, ತಿನ್ನೋರು ಉಳೀಲಿಲ್ಲ.”

ಪಕ್ಕದ ಗಾಡಿಯಲ್ಲಿ ಹಣ್ಣು ಹೆಚ್ಚಿ ಮಾರುವವಳಿಗೆ ರೇಗಿಹೋಯಿತು. “ನೋಡಕ್ಕಾ, ಮೂರು ದಿನದಿಂದ ನಂಗೆ ನಿದ್ದೆ ಇಲ್ಲ. ಒಂದು ಹಾಳು ಗೋಡೆಗೋಸ್ಕರ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೀಬೇಡ.”

ಕಿಟಕಿಯಲ್ಲಿ ನಿಂತ ಟೈಲರಮ್ಮನಿಗೆ ಆ ಮಾತೂ ಸರಿ ಅನಿಸಿತು. ಗಂಜಿಯಮ್ಮ ಒಬ್ಬಂಟಿಯಾಗಿಬಿಟ್ಟಳಲ್ಲ ಎಂದು ಮನಸ್ಸು ಮುದುಡಿತು. ಆದರೆ ಗಂಜಿಯಮ್ಮ ಸೆರಗು ಸಿಕ್ಕಿಸಿಕೊಂಡು, ಬೆಳಿಗ್ಗೆ ಒಲೆ ಹಚ್ಚುವಷ್ಟೇ ನಿರಾಳವಾಗಿ ಇಬ್ಬರು ಹಮಾಲರನ್ನು ಕರೆದಳು.

“ಮೇಷ್ಟ್ರೇ, ನನಗೋಸ್ಕರ ಎರಡು ದಿನ ಬಿಸಿಲಲ್ಲಿ ಕೂತಿದ್ದೀರಿ. ಇನ್ನು ಐದು ನಿಮಿಷ ನಿಂತ್ಕೊಳ್ಳಿ. ಲೋ, ಅವರ ತಲೆಗೆ ಆಲೂಗೆಡ್ಡೆ ಚೀಲ ಏರಿಸ್ರೋ. ಅರ್ಧ ಚೀಲ ಸಾಕು, ಓದಿದ ತಲೆ.”

ಮೇಷ್ಟ್ರು ಒಳ್ಳೆಯ ಮನುಷ್ಯರು. ನಗುನಗುತ್ತಲೇ ಕನ್ನಡಕ ತೆಗೆದು ವಿದ್ಯಾರ್ಥಿನಿಯ ಕೈಗೆ ಕೊಟ್ಟರು. ಚೀಲ ಕೂತಿದ್ದೇ ನಗು ಹೋಯಿತು.

“ಈಗ ಇಳಿಸಿ,” ಅಂದಳು ಗಂಜಿಯಮ್ಮ. “ಯಾರೂ ಕೈ ಹಾಕಬೇಡಿ.”

ಮೇಷ್ಟ್ರು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಬಗ್ಗಲು ಹೊರಟಾಗ ಹಮಾಲರಿಬ್ಬರೂ ಒಟ್ಟಿಗೆ, “ಬಗ್ಗಬೇಡಿ ಸಾರ್, ಕತ್ತು ಹೋಗತ್ತೆ,” ಎಂದರು. ಬೆವರು ಮೂಗಿನ ತುದಿಗೆ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಗೋಡೆ ಹತ್ರ ಹೋಗಿ,” ಅಂದಳು ಗಂಜಿಯಮ್ಮ. “ಬೆನ್ನು ತಿರುಗಿಸಿ. ಮಂಡಿ ಚೂರು. ಹಾಂ, ಜಾರಿಸಿ.”

ಚೀಲ ಮಗುವಿನಂತೆ ಗೋಡೆಯ ಮೇಲೆ ಮಲಗಿತು. ಮೇಷ್ಟ್ರು ಕತ್ತು ಹಿಡಿದುಕೊಂಡು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಗಂಜಿಯಮ್ಮ ಅವರ ಕೈಗೆ ಒಂದು ಬಟ್ಟಲು ಗಂಜಿ ಕೊಟ್ಟಳು. “ಈಗ ನಿಮಗೆ ಹಸಿವಾಗಿದೆ. ನನ್ನ ವ್ಯಾಪಾರ ಇಷ್ಟೇ. ಮಹಡಿ ಮೇಲೂ ಬೇಡ, ಗೋಡೆ ಇಲ್ಲದ ಬಯಲೂ ಬೇಡ.”

“ನಾನು ಕೇಳಬೇಕಿತ್ತು,” ಎಂದರು ಮೇಷ್ಟ್ರು. ಅಷ್ಟು ಜನರ ಮುಂದೆ ಹಾಗೆ ಹೇಳಿದ್ದು ಟೈಲರಮ್ಮನಿಗೆ ಇಷ್ಟವಾಯಿತು.

“ಅದೆಲ್ಲ ಸರಿ, ದಾರಿ ಇಕ್ಕಟ್ಟಾಗಿರೋದು ಸುಳ್ಳಾ?” ಎಂದು ಬಟ್ಟೆ ಅಂಗಡಿಯವರು ಬಿಡದೆ ಕೇಳಿದರು.

“ಸುಳ್ಳಲ್ಲ. ಎಲ್ಲಿ ಇಕ್ಕಟ್ಟು ಅಂತ ಅಳೀರಿ,” ಅಂದಳು ಗಂಜಿಯಮ್ಮ. ಇಂಜಿನಿಯರ್ ಜೇಬು ತಡಕಿದ, ಟೇಪು ಇರಲಿಲ್ಲ. ಗಂಜಿಯಮ್ಮ ಮೇಲೆ ಟೈಲರಮ್ಮನ ಕಿಟಕಿಯತ್ತ ನೋಡಿದಳು. ಬಟ್ಟೆ ಅಂಗಡಿಯವರೂ ನೋಡಿದರು. ಟೈಲರಮ್ಮನ ಕೈ ಒಂದು ಗಳಿಗೆ ಕುತ್ತಿಗೆಯ ಟೇಪಿನ ಮೇಲೇ ನಿಂತಿತು. ನಾಳೆಯ ಪ್ಯಾಂಟಿನ ಕಟ್ಟು ನೆನಪಾಯಿತು. ಆಮೇಲೆ ಟೇಪು ಕಿತ್ತು, ಪುಟ್ಟಿಯ ಕೈ ಹಿಡಿದು ಇಳಿದುಬಂದಳು.

ಗೋಡೆಯ ಹತ್ತಿರ ದಾರಿ ಒಂಬತ್ತು ಅಡಿ ಇತ್ತು. ಬಟ್ಟೆ ಅಂಗಡಿಯ ಮುಂದೆ, ಅಂಗಿ ತೊಡಿಸಿ ಹೊರಗೆ ನಿಲ್ಲಿಸಿದ್ದ ನಾಲ್ಕು ಗೊಂಬೆಗಳ ಹತ್ತಿರ, ಏಳೂವರೆ.

“ನಿಮ್ಮ ಗೊಂಬೆಗಳು ಗಂಜೀನೂ ಕುಡಿಯಲ್ಲ, ಹೊರೇನೂ ಹೊರಲ್ಲ,” ಅಂದಳು ಗಂಜಿಯಮ್ಮ. “ಒಳಗೆ ಕರ್ಕೊಳ್ಳಿ ಸಾಹುಕಾರ್ರೇ, ಬಿಸಿಲಲ್ಲಿ ಬಾಡ್ತಾವೆ.”

ಮೊದಲು ನಕ್ಕವಳು ಹಣ್ಣಿನವಳು. ನಗು ಹಮಾಲರಿಗೆ ಹಬ್ಬಿತು, ಕೊನೆಗೆ ಅಂಗಡಿಯವರ ಮೀಸೆಯ ಅಂಚಿಗೂ ತಾಗಿತು. ಅವರು ಏನೂ ಒಪ್ಪಿಕೊಳ್ಳದೆ ಒಂದು ಗೊಂಬೆಯನ್ನು ಕಂಕುಳಲ್ಲಿ ಎತ್ತಿಕೊಂಡು ಒಳಗೆ ಹೋದರು. ಹೋಗುವಾಗ, “ನಾಳೆ ಕಟ್ಟು ಬೇಗ ಕಳಿಸ್ತೀನಿ ಟೈಲರಮ್ಮ, ಅವಸರ ಇದೆ,” ಅಂದರು. ಅವಳ ಎದೆಯ ಮೇಲಿಂದಲೂ ಒಂದು ಚೀಲ ಇಳಿಯಿತು.

ಇಂಜಿನಿಯರ್ ಅಳತೆ ಬರೆದುಕೊಂಡ. ತನ್ನ ಕೈಯಲ್ಲಿ ಇರುವುದು ಇಷ್ಟೇ, ಸೋಮವಾರ ದೊಡ್ಡ ಸಾಹೇಬರು ಬಂದು ಕಣ್ಣಾರೆ ನೋಡಿದ ಮೇಲೆ ಗೋಡೆಯ ತೀರ್ಮಾನ, ಅಲ್ಲಿಯವರೆಗೆ ಒಂದು ಇಟ್ಟಿಗೆಯನ್ನೂ ಅಲುಗಿಸುವುದಿಲ್ಲ ಎಂದು ಹೇಳಿ ಹೋದ. ಮೇಷ್ಟ್ರು ಬ್ಯಾನರ್ ಬಿಚ್ಚಿ ಗೋಡೆಗೇ ಕಟ್ಟಿಸಿದರು.

ಸಂಜೆ ಪಾತ್ರೆ ತೊಳೆದು ಗಾಡಿ ಮುಚ್ಚುವ ಹೊತ್ತಿಗೆ ಗಂಜಿಯಮ್ಮ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲೇ ನಿಂತು, ಹಮಾಲರು ಹೊರೆಯ ಕೆಳಗೆ ತಲೆಗಿಟ್ಟುಕೊಳ್ಳುವ ಹಳೇ ಸಿಂಬಿಯೊಂದನ್ನು ತೋರಿಸಿದಳು. ಬಟ್ಟೆ ಸುತ್ತಿ ಮಾಡಿದ ಬಳೆಯಂಥದ್ದು, ಅವಳದೇ, ಹನ್ನೊಂದು ವರ್ಷ ಹೊರೆ ತಾಳಿದ್ದು, ಹೊಲಿಗೆಯೆಲ್ಲ ಬಿಟ್ಟುಹೋಗಿತ್ತು.

“ನಂದೊಂದು ಕೆಲಸ ಆಗಬೇಕಲ್ಲ ಟೈಲರಮ್ಮ.”

“ಹೇಳಿ ಅಮ್ಮಾ.”

“ಇದೇ ಥರ ಹೊಸದೊಂದು ಹೊಲ್ಕೊಡು, ಭಾನುವಾರದೊಳಗೆ. ಒಳಗೆ ಹತ್ತಿ ಜಾಸ್ತಿ ತುಂಬು, ಮೆತ್ತಗಿರಲಿ. ದೊಡ್ಡ ಸಾಹೇಬ್ರಿಗೆ ಅಭ್ಯಾಸ ಇರಲ್ಲ.”