ಕಾಲಪೇಟಿ ಮುಚ್ಚಿದ ಮಾಸ್ತರು

ನಮ್ಮ ಪೇಟಿ ಮಾಸ್ತರ ಬಲಗೈಯ ಕಿರುಬೆರಳು, ಉಂಗುರಬೆರಳು ಎರಡೂ ಅಂಗೈಯೊಳಗೆ ಮಡಚಿಕೊಂಡೇ ಇರುತ್ತಿದ್ದವು. ಉಳಿದ ಮೂರರಲ್ಲೇ ರೊಟ್ಟಿ ಮುರಿಯುತ್ತಿದ್ದರು. ಸವಣೂರಿನ ಅವರ ಮನೆಗೆ ಹಾರ್ಮೋನಿಯಂ ಪಾಠಕ್ಕೆ ಹೋಗುತ್ತಿದ್ದ ನಾನು ಆ ಕೈ ಕಾಣದಂತೆ ಓರೆಯಾಗಿ ಕುಳಿತುಕೊಳ್ಳುತ್ತಿದ್ದೆ. ನೋಡಿದರೆ ನನಗೂ ಹಾಗೇ ಆದೀತೆಂಬ ಭಯ. ಒಂದು ಕಾಲಕ್ಕೆ ಅವರು ನಾಟಕ ಕಂಪನಿಗಳಲ್ಲಿ ಕಾಲಪೇಟಿ ನುಡಿಸಿ ಹೆಸರಾದವರು. ಕಾಲಿನಿಂದ ಗಾಳಿ ತುಂಬಿ ಎರಡೂ ಕೈಯಲ್ಲಿ ನುಡಿಸುವ ದೊಡ್ಡ ಪೇಟಿ ಅದು. ಕೈ ಹೋದ ಮೇಲೆ ಊರಿಗೆ ಬಂದು ನಮ್ಮಂಥವರಿಗೆ ಕಲಿಸಿಕೊಂಡಿದ್ದರು.

ಪಾಠದಲ್ಲಿ ರಾಗ ಕಡಿಮೆ, ಮೈಯ ವಿಚಾರಣೆ ಜಾಸ್ತಿ. ನನ್ನ ಮುಂಗೈ ಮೇಲೆ ವೀಳ್ಯದೆಲೆ ಇಟ್ಟು ನುಡಿಸಲು ಹೇಳುತ್ತಿದ್ದರು. ಜಾರಿ ಬಿದ್ದ ಎಲೆಗೆ ಸುಣ್ಣ ಸವರಿ ತಾವೇ ಬಾಯಿಗೆ ಹಾಕಿಕೊಳ್ಳುವರು. ಪಾಠ ಮುಗಿಯುವಾಗ ಅವರ ಬಾಯಿ ಕೆಂಪಾಗಿದ್ದರೆ ಅಂದು ನನ್ನ ಗತಿ ನೆಟ್ಟಗಿಲ್ಲವೆಂದೇ ಲೆಕ್ಕ.

"ಸ್ವರ ಹುಟ್ಟೋದು ಗಾಳಿಯಿಂದ. ಪಟ್ಟಿ ಮ್ಯಾಲೆ ಎಷ್ಟ್ ಗುದ್ದಿದ್ರೂ ದನಿ ದೊಡ್ಡದಾಗಂಗಿಲ್ಲ ತಮ್ಮಾ, ಕೈ ಹಾಳಾಗತೈತಿ," ಅನ್ನುವರು.

ಯುದ್ಧದ ವರ್ಷಗಳಲ್ಲಿ ನಾನೂ ಕಾಲಪೇಟಿ ನುಡಿಸಲು ಒಂದು ನಾಟಕ ಕಂಪನಿ ಸೇರಿದೆ. ಧ್ವನಿವರ್ಧಕ ಇರಲಿಲ್ಲ. ಹಿಂದೆ ಕುಳಿತವರಿಗೂ ಕೇಳಲೆಂದು ಗುದ್ದಿದ್ದೇ ಗುದ್ದಿದ್ದು. ಅದರ ಮೇಲೆ ಜನ ಹಾಡು ಹಾಡಿಗೂ ‘ವನ್ಸ್ ಮೋರ್’ ಕೂಗುತ್ತಿದ್ದರು. ಕೂಗಿದಷ್ಟು ಸಲ ನುಡಿಸಲೇಬೇಕು, ಅದು ಕಂಪನಿಗಳ ರಿವಾಜು. ಹಾನಗಲ್ಲಿನ ಮೊಕ್ಕಾಮಿನಲ್ಲಿ ಒಂದು ಮುಂಜಾನೆ ಮುಖ ತೊಳೆಯಲು ಎತ್ತಿದ ತಂಬಿಗೆ ಕೈಯಿಂದ ಜಾರಿತು. ಕಿರುಬೆರಳನ್ನು ಚಿವುಟಿದರೂ ತಿಳಿಯಲಿಲ್ಲ. ಮಾಸ್ತರ ಕೈ ಕಣ್ಣ ಮುಂದೆ ಬಂದು ನಿಂತಿತು.

ಮಾಲಕರಿಗೆ ಹೇಳಿದೆ. "ಬಿಗಿಯಾಗಿ ಅರಿವಿ ಕಟ್ಕೊಂಡು ಬಾರ್ಸು. ಬಾರ್ಸಿದಷ್ಟು ಸಡ್ಲ ಆಗತೈತಿ," ಎಂದರು. ಪೇಟಿಯವರೆಲ್ಲ ಹಾಗೇ ಮಾಡುತ್ತಿದ್ದರು, ನಾನೂ ಕಟ್ಟಿಕೊಂಡೆ. ಮೊದಲು ನೋವು, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ನನ್ನನ್ನು ಹೆಚ್ಚು ಹೆದರಿಸಿತು. ನನಗೆ ಬೇರೆ ಕಸುಬು ಬರುತ್ತಿರಲಿಲ್ಲ. ತುತ್ತು ಜಾರುವುದನ್ನು ಯಾರಾದರೂ ಕಂಡಾರೆಂದು ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದೆ.

ಬಂಕಾಪುರದಲ್ಲಿ ಹೆಣ್ಣುಮಕ್ಕಳಿಗಾಗಿ ಮಧ್ಯಾಹ್ನದ ಆಟವಿತ್ತು. ಮಾಸ್ತರು ಹೆಂಡತಿಯನ್ನು ಕರೆತಂದವರು ಪೇಟಿಯ ಹತ್ತಿರವೇ ಕುಳಿತಿದ್ದರು. ಎರಡನೆಯ ಹಾಡಿಗೇ ವನ್ಸ್ ಮೋರ್. ನುಡಿಸಿದೆ. ಮತ್ತೆ ವನ್ಸ್ ಮೋರ್. ಬೆರಳು ಎಲ್ಲಿ ಬೀಳುತ್ತಿದೆಯೆಂದು ತಿಳಿಯದೆ ಕಣ್ಣಿಂದ ನೋಡಿ ನೋಡಿ ಒತ್ತುತ್ತಿದ್ದೆ. ಹಲ್ಲು ಕಚ್ಚಿದ್ದೆ, ಭುಜ ಕಿವಿಯವರೆಗೆ ಏರಿತ್ತು. ಅಷ್ಟರಲ್ಲಿ ಮಾಸ್ತರು ಎದ್ದು ಬಂದು, ನನ್ನ ಎರಡೂ ಕೈಯೆತ್ತಿ ತೊಡೆಯ ಮೇಲಿಟ್ಟು, ಪೇಟಿಯ ಮುಚ್ಚಳ ಮುಚ್ಚಿಬಿಟ್ಟರು. ಹಾಡುತ್ತಿದ್ದ ನಾಯಕಿ ಬಾಯಿ ತೆರೆದು ನಿಂತಳು. ಮಾಲಕರು ಪರದೆ ಹಿಂದಿನಿಂದ ಓಡಿ ಬಂದರು.

"ಯಾರ್ರಿ ನೀವು? ಆಟ ಕೆಡಸ್ತೀರೇನು?"

"ಆಟ ನಾಳೆನೂ ಆಡಬಹುದ್ರಿ. ಇವನ ಕೈ ಹೋದ್ರ ತಿರುಗಿ ಬರಂಗಿಲ್ಲ," ಎಂದರು ಮಾಸ್ತರು.

ಅಂದೇ ನನ್ನ ಕೆಲಸ ಹೋಯಿತು. ಮಾಸ್ತರು ನನ್ನ ಕೈಗೆ ಕಟ್ಟಿದ್ದ ಅರಿವೆ ಬಿಚ್ಚಿ ಎಸೆದು, ನನ್ನನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಇಡೀ ಮಳೆಗಾಲ ಪೇಟಿ ಮುಟ್ಟಗೊಡಲಿಲ್ಲ. ದಿನವೂ ಮುಂಜಾನೆ ಬೆರಳತುದಿಯಿಂದ ಮೊಣಕೈವರೆಗೆ ಒತ್ತುತ್ತ, "ಇವತ್ತ ಎಲ್ಲಿತನಕ ತಿಳೀತೈತಿ?" ಎಂದು ಕೇಳುವರು. ನಾನು ಹೆದರಿ ಸುಳ್ಳು ಹೇಳಿದರೆ ಗೊತ್ತಾಗಿಬಿಡುತ್ತಿತ್ತು. ದಸರೆಯ ಹೊತ್ತಿಗೆ ಒಂದು ದಿನ ಬಚ್ಚಲಲ್ಲಿ ಬಿಸಿನೀರು ಕಿರುಬೆರಳಿಗೆ ಚುರುಕ್ಕೆಂದಿತು. ಅಲ್ಲೇ ಕುಳಿತು ಅತ್ತೆ. ಗಾಬರಿಯಾಗಿ ಬಂದ ಮಾಸ್ತರ ಹೆಂಡತಿ, ಸುಟ್ಟಿತೆಂದು ಕೇಳಿ, ತಾವೂ ಕಣ್ಣೊರೆಸಿಕೊಂಡರು.

ಕೆಲವು ವರ್ಷಗಳ ಮೇಲೆ ಮಾಸ್ತರು ಹಾಸಿಗೆ ಹಿಡಿದರು. ನೋಡಲು ಹೋದವನು ಕೇಳಿದೆ: "ಮಾಸ್ತರ್ರ, ಅವತ್ತ ಅಷ್ಟು ಮಂದಿ ಮುಂದ ಎದ್ದು ಬರಾಕ ನಿಮಗ ಹೆದರಿಕಿ ಆಗಲಿಲ್ಲೇನ್ರಿ?"

"ಕಾಲು ನಡಗತಿದ್ವು," ಎಂದರು. ಮಡಚಿದ ಬೆರಳುಗಳನ್ನು ಸವರಿಕೊಳ್ಳುತ್ತ ಹೇಳಿದರು: "ನನ್ನ ಕೈ ಹೋದ ದಿನಾನೂ ಜನ ವನ್ಸ್ ಮೋರ್ ಅಂತಿದ್ರು. ಮುಂದ ಪೇಟಿ ಬಲ್ಲವ್ರು ಕುಂತಿದ್ರು. ಅವರಿಗೆ ತಿಳದಿತ್ತು. ಒಬ್ರೂ ಏಳಲಿಲ್ಲ."

ಆ ವಾರವೇ ತೀರಿಕೊಂಡರು.

ನನ್ನ ಹತ್ತೂ ಬೆರಳು ಇಂದಿಗೂ ನೆಟ್ಟಗಿವೆ, ಹೆದರಿಕೆಯೂ ಹಾಗೇ ಇದೆ. ಯಾವ ಆಟಕ್ಕೆ ಹೋದರೂ ಪೇಟಿಯ ಹತ್ತಿರವೇ ಕುಳಿತುಕೊಳ್ಳುತ್ತೇನೆ. ನುಡಿಸುವವನ ಭುಜ ಏರಿದ್ದು ಕಂಡರೆ ನನ್ನ ಕಾಲೂ ನಡುಗುತ್ತವೆ. ಆದರೂ ಎದ್ದು ಪೇಟಿಯತ್ತ ಹೋಗುತ್ತೇನೆ.