ಹಿನ್ನೀರಿನ ಕಲ್ಲು ಮತ್ತು ಮೋಜಣಿ ಕಾಕಾ

ಹೋದ ತಿಂಗಳು ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ ಅದರ ತಳದಲ್ಲಿ ಒಂದು ಜೋಡಿ ಕ್ಯಾನ್ವಾಸ್ ಬೂಟು ಸಿಕ್ಕವು. ಬಿಳಿ ಇದ್ದದ್ದು ಹಳದಿಯಾಗಿತ್ತು. ಅಡಿಯ ಗೀರುಗಳಲ್ಲಿ ಕಪ್ಪು ಮಣ್ಣು ಕಲ್ಲಿನ ಹಾಗೆ ಕೂತಿತ್ತು. ಎಸೆಯುವ ಮೊದಲು ಯಾಕೋ ನಲ್ಲಿಯ ಕೆಳಗೆ ಹಿಡಿದೆ. ಮಣ್ಣು ನೆನೆದದ್ದೇ ತಡ, ಬಚ್ಚಲು ತುಂಬ ಆ ವಾಸನೆ ಎದ್ದಿತು... ಕೊಳೆತ ಜೇಕುಹುಲ್ಲು, ಮೀನು, ಬಿಸಿಲಿಗೆ ಬಿರಿದ ಎರೆಮಣ್ಣು ಎಲ್ಲ ಕೂಡಿದ ಹಿನ್ನೀರಿನ ವಾಸನೆ.

"ಏನ ಸತ್ತೈತಿ ಅಲ್ಲೆ?" ಅಂತ ನಮ್ಮ ಮನೆಯವರು ಪಡಸಾಲೆಯಿಂದ ಕೂಗಿದರು. ಆ ಹೊತ್ತಿಗೆ ನಾನು ರಾಮದುರ್ಗದ ನಮ್ಮ ಮನೆಯ ಬಚ್ಚಲಲ್ಲಿರಲಿಲ್ಲ. ಮೋಜಣಿ ಕಾಕಾ ಅವರ ಹಿಂದೆ ಕೆಸರಿನಲ್ಲಿ ಕಾಲಿಡುತ್ತ ನಡೆದಿದ್ದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಪ್ರಾಥಮಿಕ ಶಾಲೆಗೆ ನನ್ನ ಮೊದಲ ನೇಮಕ. ಸವದತ್ತಿಯ ಆಚೆ, ಮಲಪ್ರಭಾ ಹಿನ್ನೀರಿನ ದಂಡೆಯ ಮೇಲೊಂದು ಹಳ್ಳಿ. ಅಣೆಕಟ್ಟಿನ ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ದಿಬ್ಬದ ಮೇಲೆ ಕಟ್ಟಿಕೊಂಡ ಹೊಸ ಊರು ಅದು. ಕಟಕೋಳದ ಹೊಲಮನೆಯಲ್ಲಿ ಬೆಳೆದ ನನಗೆ ಅಷ್ಟು ನೀರು ನೋಡಿ ಗೊತ್ತೇ ಇರಲಿಲ್ಲ. ಚಳಿಗಾಲಕ್ಕೆ ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಬಾತುಗಳು ಸಾವಿರಗಟ್ಟಲೆ ಬಂದು ನೀರಿಗಿಳಿಯುತ್ತಿದ್ದವು. ಬೆಳಗಾದರೆ ಕಡಲೆ ಹೊಲಕ್ಕೆ ನುಗ್ಗುತ್ತಿದ್ದವು. ರೈತರು ಡಬ್ಬ ಬಡಿದು ಓಡಿಸುತ್ತಿದ್ದರು.

ನೀರಿನ ಅಂಚಿನಲ್ಲಿ, ದೂರದಲ್ಲಿ, ಒಂದು ಹುಡೇವು ನಿಂತಿತ್ತು. ಹಿಂದೆ ದಂಡು ಬರುವುದನ್ನು ನೋಡಲು, ಊರು ಕಾಯಲು ಕಟ್ಟಿದ ದುಂಡನೆಯ ಕಲ್ಲಿನ ಗೋಪುರ. ಅರ್ಧ ಕುಸಿದಿತ್ತು. ಮಳೆಗಾಲದಲ್ಲಿ ಅದರ ಸುತ್ತ ನೀರು, ಬೇಸಿಗೆಯಲ್ಲಿ ಕೆಸರು. ಒಂದು ದಿನ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು, "ಅಕ್ಕೋರ, ಹುಡೇವಿನಾಗ ಯಾರಿದ್ರು?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೆಡ್‌ಮಾಸ್ತರರನ್ನು ಕೇಳಿದೆ. "ಅದನ್ನೆಲ್ಲಾ ಮೋಜಣಿ ಕಾಕಾನ್ನ ಕೇಳ್ರಿ" ಅಂದರು.

ಮೋಜಣಿ ಅಂದರೆ ಹೊಲದ ಅಳತೆ; ಕಾಕಾ ಭೂಮಾಪನ ಇಲಾಖೆಯಿಂದ ನಿವೃತ್ತರಾಗಿ ಊರಿಗೆ ಬಂದು ಕೂತವರು. ಅರವತ್ತು ದಾಟಿತ್ತು. ಬಡಕಲು ಮೈ, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಹೆಗಲ ಮೇಲೊಂದು ಟವೆಲ್. ಊರ ಹೊರಗಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಬಾಗಿಲ ಮೇಲೆ ಬುದ್ಧನ ಫೋಟೋ. ಹೆಂಡತಿ ತೀರಿಕೊಂಡಿದ್ದರು, ಮಗಳು ಬೆಳಗಾವಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಇಬ್ಬರು ಅಣ್ಣತಮ್ಮಂದಿರ ನಡುವೆ ಹೊಲದ ಬದುವಿನ ಜಗಳ ಬಂದರೆ ತಾಲೂಕು ಕಚೇರಿಗೆ ಹೋಗುವ ಮೊದಲು ಜನ ಅವರ ಬಾಗಿಲಿಗೆ ಬರುತ್ತಿದ್ದರು. ಅವರು ಹೋಗಿ, ಹೆಜ್ಜೆ ಎಣಿಸಿ, ಒಂದು ಕಡೆ ಕೋಲು ನೆಟ್ಟು, "ಇಲ್ಲೆ ಅಗೀರಿ" ಅನ್ನುತ್ತಿದ್ದರು. ಅಗೆದರೆ ಹಳೆಯ ಬಾಂದಕಲ್ಲು ಸಿಗುತ್ತಿತ್ತು. ಇದನ್ನು ನಾನೇ ಎರಡು ಸಲ ಕಣ್ಣಾರೆ ನೋಡಿದ್ದೇನೆ.

"ಹುಡೇವು ನೋಡಬೇಕೇನ್ರಿ? ಐತವಾರ ಬರ್ರಿ. ಗಟ್ಟಿ ಬೂಟು ಹಾಕ್ಕೊಂಡು ಬರ್ರಿ" ಅಂದರು. ಹಾಗೆ ಶುರುವಾಯಿತು.

ಆಮೇಲೆ ಐತವಾರ ಅಂದರೆ ನಡಿಗೆ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಜೇಕು ಬೆಳೆದ ತಗ್ಗು ದಾಟಿ, ನೀರಿನಲ್ಲಿ ನಿಂತು ಸತ್ತ ಜಾಲಿಮರಗಳ ನಡುವೆ ಹಾದು, ಹುಡೇವು ಮುಟ್ಟಲು ಒಂದೂವರೆ ತಾಸು. ಕಾಕಾ ಮಾತು ಕಡಿಮೆ. ಟಿಟ್ಟಿಭ ಕೂಗಿದರೆ ನಿಲ್ಲುತ್ತಿದ್ದರು. "ತತ್ತಿ ಇಟ್ಟೈತಿ, ಈ ಕಡಿ ಬ್ಯಾಡ" ಅಂತ ನನ್ನನ್ನು ಸುತ್ತುಹಾಕಿಸಿ ಕರೆದುಕೊಂಡು ಹೋಗುತ್ತಿದ್ದರು. ಹುಡೇವಿನ ಗೋಡೆಯಲ್ಲಿ ತೋಪಿನ ಗುಂಡು ಬಡಿದು ಕಿತ್ತ ತಗ್ಗುಗಳಿದ್ದವು. ಒಂದರಲ್ಲಿ ಗುಬ್ಬಿ ಗೂಡು ಕಟ್ಟಿತ್ತು.

"ಯಾರ ಹೊಡದಿದ್ರು ಕಾಕಾ?"

"ಒಬ್ರು ಕಿತ್ತೂರ ಕಡ್ಯಾವ್ರು ಒಳಗಿದ್ರು ಅಂತಾರ. ಒಬ್ರು ರಾಮದುರ್ಗ ಸಂಸ್ಥಾನದವ್ರು ಅಂತಾರ. ಇನ್ನೊಬ್ರು ಬರೇ ಲೂಟಿ ಮಾಡಾಕ ಬಂದಾವ್ರು ಅಂತಾರ. ತಗ್ಗು ಎಷ್ಟ ಇಂಚು ಐತಿ ಅಂತ ಕೇಳ್ರಿ, ಹೇಳತೇನಿ."

ಎರಡನೆಯ ವರ್ಷದ ಬೇಸಿಗೆಯಲ್ಲಿ ನೀರು ಎಂದೂ ಇಳಿಯದಷ್ಟು ಇಳಿಯಿತು. ಹಳೆಯ ಊರಿನ ಅಡಿಪಾಯಗಳು ಕಾಣಿಸಿದವು. ಒಂದು ಐತವಾರ ಹುಡೇವು ದಾಟಿ ನಾವು ಆ ಕಡೆ ಇಳಿದೆವು. ಸತ್ತ ಜಾಲಿಮರದ ಹತ್ತಿರ ಎಡಕ್ಕೆ ತಿರುಗಿದಾಗ ಕೆಸರಿನಲ್ಲಿ ಒಂದು ಕಲ್ಲು ಅಂಗಾತ ಬಿದ್ದಿತ್ತು. ಕಾಕಾ ಒಮ್ಮೆಲೇ ನಿಂತರು. ಆಮೇಲೆ ಮೊಣಕಾಲೂರಿ ಕೂತು ಟವೆಲ್ ನೀರಿನಲ್ಲಿ ಅದ್ದಿ ಒರೆಸತೊಡಗಿದರು. ಕೂಸಿನ ಮುಖ ಒರೆಸುವ ಹಾಗೆ ಒರೆಸಿದರು.

ವೀರಗಲ್ಲು. ಒಬ್ಬ ಮನುಷ್ಯ ಕಾಲು ಅಗಲಿಸಿ ನಿಂತಿದ್ದ. ಮುಖ ಸವೆದಿತ್ತು. ಸೊಂಟದ ಹತ್ತಿರ ದುಂಡನೆಯದೇನೋ ಹಿಡಿದಿದ್ದ. ಇನ್ನೊಂದು ಕೈಯಲ್ಲಿದ್ದದ್ದು ಅರ್ಧ ಮುರಿದಿತ್ತು.

"ಹಲಗಿ," ಅಂದರು ಕಾಕಾ, ತಮಟೆ ಬಡಿಯುವ ಹಾಗೆ ಕೈಯಾಡಿಸಿ. "ನಮ್ಮಜ್ಜ ಹೇಳತಿದ್ದ. ದಂಡು ಬಂದಾಗ ನಮ್ಮ ಹಿರ್ಯಾಂವ ಒಬ್ಬಾಂವ ಹುಡೇವಿನ ಮ್ಯಾಲ ಹತ್ತಿ ಹಲಗಿ ಬಡದ್ನಂತ. ಊರ ಮಂದಿ ಹೊಳಿ ದಾಟೂತನಕ ಬಡದ್ನಂತ. ಅಲ್ಲೇ ಬಿದ್ದ. ಈ ಕಲ್ಲು ಹಳೇ ಊರಾಗ ನಮ್ಮ ಮನಿ ಮುಂದಿತ್ತು. ಅಮಾಸಿಗೆ ನಮ್ಮವ್ವ ನೀರ ಹಾಕತಿದ್ಲು."

"ಮತ್ತ ಇಲ್ಲೆ ಯಾಕ ಬಿಟ್ರಿ?"

ಟವೆಲ್ ಹಿಂಡಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಹೇಳಿದರು. ಮುಳುಗಡೆಯ ಹೊಲ ಅಳೆಯುವ ತಂಡದಲ್ಲಿ ಸರಪಳಿ ಎಳೆಯುವ ಕೆಲಸ ಅವರ ಮೊದಲ ನೌಕರಿ. ತಮ್ಮ ಊರನ್ನೇ ಅಳೆದರು. ಊರು ಖಾಲಿ ಮಾಡುವಾಗ ದೇವರು, ನಾಗರಕಲ್ಲು, ಗರಡಿಮನೆಯ ಗುಂಡುಕಲ್ಲು ಸಹಿತ ಚಕ್ಕಡಿ ಏರಿ ಹೋದವು. ಈ ಕಲ್ಲಿಗೆ ಚಕ್ಕಡಿ ಕೊಡಿರೆಂದು ಅವರಪ್ಪ ಕೇಳಿದರು. ಹೊರಗಿನ ಓಣಿಯ ಕಲ್ಲಿಗೆ ಯಾರೂ ಕೊಡಲಿಲ್ಲ. "ನಾನು ಸರ್ಕಾರದ ನೌಕರ. ನನ್ನ ಮಾತು ನಡೀತಿತ್ತು, ಅಕ್ಕೋರ. ಕೇಳಬಹುದಿತ್ತು. ಕೇಳಲಿಲ್ಲ."

ಮರುದಿನ ಶಾಲೆಯಲ್ಲಿ ನಾನು ಹೆಡ್‌ಮಾಸ್ತರರಿಗೆ ಹೇಳಿಬಿಟ್ಟೆ. ಯಾಕೆ ಹೇಳಿದೆನೋ... ಖುಷಿಗೆ ಹೇಳಿದೆ, ಮಕ್ಕಳಿಗೆ ತೋರಿಸಬೇಕು ಅಂತ ಹೇಳಿದೆ. ಕಾಕಾ ನನಗೆ "ಯಾರಿಗೂ ಹೇಳಬ್ಯಾಡ್ರಿ" ಅಂದಿರಲಿಲ್ಲ. ಆದರೆ ಅನ್ನದಿದ್ದರೂ ನನಗೆ ತಿಳಿಯಬೇಕಿತ್ತು.

ಎರಡು ದಿನದಲ್ಲಿ ಸುದ್ದಿ ಊರ ಗೌಡರಿಗೆ ಮುಟ್ಟಿತು. ಹುಡೇವು ಕಟ್ಟಿಸಿದವರು ತಮ್ಮ ಹಿರಿಯರು, ಆ ಕಲ್ಲಿನ ಮೇಲಿನ ವೀರನೂ ತಮ್ಮ ಮನೆತನದವನೇ ಎಂದು ಅವರು ಪಂಚಾಯ್ತಿಯಲ್ಲಿ ಹೇಳಿದರು. ಕಲ್ಲು ತಂದು ಅಗಸಿ ಬಾಗಿಲಲ್ಲಿ ನಿಲ್ಲಿಸುವುದೆಂದು ತೀರ್ಮಾನವಾಯಿತು. ಜಾಗ ತೋರಿಸಲು ಕಾಕಾ ಅವರಿಗೆ ಹೇಳಿಕಳಿಸಿದರು. ಆ ಸಂಜೆ ಕಾಕಾ ನಮ್ಮ ಓಣಿಗೆ ಬಂದರು. ಬಾಗಿಲ ಹೊರಗೇ ನಿಂತರು.

"ನೀವ ಹೇಳಿದ್ರೇನ್ರಿ?"

"ಹೌದ್ರಿ ಕಾಕಾ. ತಪ್ಪಾತೇನ್ರಿ?"

"ಇಲ್ಲ ಬಿಡ್ರಿ" ಅಂದರು. ಹೋಗಿಬಿಟ್ಟರು.

ಕಲ್ಲು ತರುವ ದಿನ ಟ್ರ್ಯಾಕ್ಟರು ಒಣ ದಂಡೆಯ ಮೇಲೆ ನಿಂತಿತು. ಹಗ್ಗ, ಬೊಂಬು ಹಿಡಿದು ಇಪ್ಪತ್ತು ಜನ. ಮುಂದೆ ಕಾಕಾ, ಅವರ ಹಿಂದೆ ಗೌಡರು, ನಾನು. ಸತ್ತ ಜಾಲಿಮರ ಬಂತು. ಕಾಕಾ ಬಲಕ್ಕೆ ತಿರುಗಿದರು. ಮರೆತರೇನೋ ಎಂದು ನಾನು "ಕಾಕಾ..." ಅಂದೆ. ಅವರು ಹಿಂದೆ ನೋಡದೆ, "ಕಾಲು ನೋಡಿ ಇಡ್ರಿ ಅಕ್ಕೋರ, ಕೆಸರು ಭಾಳ ಐತಿ" ಅಂದರು.

ಬಿಸಿಲು ನೆತ್ತಿಗೇರುವ ತನಕ ನಮ್ಮನ್ನು ಸುತ್ತಾಡಿಸಿದರು. ಕೊನೆಗೆ ನೀರಿನಂಚಿನ ಒಂದು ಕಡೆ ನಿಂತು, "ಇಲ್ಲೇ ಇತ್ತರಿ ಗೌಡ್ರ. ಹುದಲಾಗ ಇಳದು ಹೋಗಿರಬೇಕು" ಅಂದರು. ಜನ ಬೊಂಬು ಚುಚ್ಚಿ ಚುಚ್ಚಿ ನೋಡಿದರು. ಕೆಸರು ಬಿಟ್ಟರೆ ಏನೂ ಸಿಗಲಿಲ್ಲ. ಆಗ ಗೌಡರು ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವೂ ನೋಡೀರಂತಲ್ಲ. ಇದ ಏನ್ರಿ ಜಾಗಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಾಕಾ ಒಬ್ಬರು ಮಾತ್ರ ನೀರಿನ ಕಡೆ ನೋಡುತ್ತಿದ್ದರು. ಅಲ್ಲಿಂದ ಕಲ್ಲು ಕೂಗಳತೆಯ ದೂರದಲ್ಲಿತ್ತು.

"ಹೌದ್ರಿ," ಅಂದೆ. "ಇದ ಜಾಗಾ."

ಸುಳ್ಳು ಹೇಳಿದ್ದು ಕಾಕಾ ಅವರ ಮೇಲಿನ ಪ್ರೀತಿಗೋ, ಊರಿಗೆಲ್ಲ ಬಾಯಿಬಿಟ್ಟಿದ್ದ ನಾಚಿಕೆಗೋ, ಅಷ್ಟು ಜನರ ನಡುವೆ ಹೆದರಿದ್ದಕ್ಕೋ... ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ.

"ಮುದುಕಗ ಕಣ್ಣ ಹೋಗ್ಯಾವ" ಅಂತ ಗೌಡರು ನಕ್ಕು ಟ್ರ್ಯಾಕ್ಟರು ತಿರುಗಿಸಿದರು. ನಗು ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಹೊಲದ ಬದುವಿನ ಜಗಳ ಬಂದಾಗ ಜನ ಕಾಕಾ ಅವರನ್ನು ಕರೆಯುವುದು ಬಿಟ್ಟರು. "ದೊಡ್ಡ ಕಲ್ಲ ಸಿಗಲಿಲ್ಲ ಅಂವಗ, ಬಾಂದಕಲ್ಲೇನ ಹುಡುಕತಾನ?" ಅಂತ ಚಹಾದಂಗಡಿಯಲ್ಲಿ ಅವರ ಎದುರಿಗೇ ಆಡಿಕೊಂಡರು. ನಲವತ್ತು ವರ್ಷ ಅಳತೆಯಿಂದ ಗಳಿಸಿದ ಹೆಸರು ಅರ್ಧ ದಿನದಲ್ಲಿ ಹೋಯಿತು. ನಾನು ಒಂದು ಮಾತು ಆಡಿದ್ದರೆ ಅದು ತಿರುಗಿ ಬರುತ್ತಿತ್ತು. ಆದರೆ ಆ ಮಾತಿಗೆ ಕಲ್ಲು ಹೋಗುತ್ತಿತ್ತು. ನಾನು ಎರಡರ ನಡುವೆ ಸಿಕ್ಕು ಸುಮ್ಮನಿದ್ದೆ.

ಯಾಕೆ ಹಾಗೆ ಮಾಡಿದಿರಿ ಎಂದು ಕೇಳದೆ ಬಿಡಲಿಲ್ಲ. ಮೊದಲ ಸಲ ಕೇಳಿದಾಗ, "ಅಗಸಿಗೆ ಒಯ್ದರ ಹಲಗಿ ಕೆತ್ತಿಸಿ ಢಾಲು ಮಾಡತಾರ. ಅದು ನಮ್ಮಾಂವಗ ಬ್ಯಾಡ" ಅಂದರು. ಹಲಗೆ ಬಡಿದವನು ಗುರಾಣಿ ಹಿಡಿದ ಗೌಡರ ವೀರನಾಗುತ್ತಾನೆ; ನನಗೆ ಅರ್ಥವಾಯಿತು ಅನ್ನಿಸಿತು. ತಿಂಗಳ ಮೇಲೆ ಅವರೇ ನಡೆಯುತ್ತ ನಡೆಯುತ್ತ, "ನಾವು ಬುದ್ಧನ ದಾರಿಗೆ ಬಂದ ಮ್ಯಾಲ ಕಲ್ಲಿಗೆ ನೀರ ಹಾಕೋದು ಬಿಟ್ಟೇವಿ. ಈಗ ಹೊಳೀನೇ ಹಾಕಾಕತ್ತೈತಿ, ಹಾಕಲಿ" ಅಂದರು. ಹಾಗಾದರೆ ಕಲ್ಲು ಬೇಕಿತ್ತೋ ಬೇಡವಾಗಿತ್ತೋ? ಮಳೆ ಹಿಡಿದು ನೀರು ಮತ್ತೆ ಹುಡೇವಿನ ಬುಡ ಮುಟ್ಟಿದ ದಿನ ಮೂರನೆಯದೊಂದು ಮಾತು ಹೇಳಿದರು.

"ಅಕ್ಕೋರ, ಅದು ಢಾಲೇ ಇರಬೋದ್ರಿ. ನಮ್ಮದ ಅಲ್ಲದ ಕಲ್ಲೂ ಇರಬೋದು. ಊರು ಮುಳುಗೂ ಮೊದಲ ನೋಡಿದ್ದು... ಖರೇ ಹೇಳಬೇಕಂದ್ರ ನನಗ ನೆನಪಿಲ್ಲ."

ನಾನು ನಡುದಾರಿಯಲ್ಲೇ ನಿಂತುಬಿಟ್ಟೆ. ನಾನು ನೋಡಿದ್ದೇನು? ದುಂಡನೆಯದೊಂದು. ಅವರು "ಹಲಗಿ" ಅಂದ ಮೇಲೆ ಅದು ನನಗೆ ಹಲಗೆಯಾಗಿ ಕಂಡಿತ್ತು. ಅದಕ್ಕೂ ಮೊದಲು ಏನಾಗಿ ಕಂಡಿತ್ತು ಎಂದು ಎಷ್ಟು ನೆನೆಸಿಕೊಂಡರೂ ಸಿಗಲಿಲ್ಲ. ಢಾಲೇ ಆಗಿದ್ದರೆ ಗೌಡರ ಮಾತು ನಿಜ, ನಾವಿಬ್ಬರೂ ಸೇರಿ ಊರಿಗೆ ಮೋಸ ಮಾಡಿದೆವು. ಹಲಗೆಯಾಗಿದ್ದರೆ ಕಾಕಾ ಎರಡನೆಯ ಸಲವೂ ಅದನ್ನು ನೀರಿಗೆ ಬಿಟ್ಟರು. ಯಾವುದನ್ನು ನಂಬಬೇಕು ಅನ್ನುವುದು ಹೋಗಲಿ, ಯಾವುದು ನಿಜವಾಗಲಿ ಎಂದು ಆಸೆಪಡಬೇಕೋ ಅದೂ ತಿಳಿಯಲಿಲ್ಲ.

ಮುಂದಿನ ವರ್ಷ ನನ್ನ ಮದುವೆಯಾಯಿತು, ರಾಮದುರ್ಗಕ್ಕೆ ವರ್ಗವಾಯಿತು. ಬಸ್ಸು ಹತ್ತಿಸಲು ಕಾಕಾ ಬಂದಿದ್ದರು. "ಬರತಿರ್ರಿ" ಅಂದರು. "ಬರತೇನ್ರಿ ಕಾಕಾ" ಅಂದೆ. ಮಕ್ಕಳು, ಸಂಸಾರ, ಶಾಲೆ... ಹೋಗಲಿಲ್ಲ. ಎರಡು ಪತ್ರ ಬರೆದೆ, ಆಮೇಲೆ ಅದೂ ಇಲ್ಲ.

ಟ್ರಂಕು ಇಳಿಸಿದ ಮುಂದಿನ ಐತವಾರ ನಾನು ಯರಗಟ್ಟಿಯ ಬಸ್ಸು ಹತ್ತಿದೆ. ಕಾಕಾ ಅವರ ಮಗಳು ಅಲ್ಲಿಯ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆಂದು ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿದಿತ್ತು. ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲು ತೆರೆದವಳ ಮುಖ ನೋಡಿದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದೇ ಬಡಕಲು ಗಲ್ಲ, ಅದೇ ಕಣ್ಣು.

"ಅಪ್ಪ ಹೋಗಿ ಎಂಟು ವರ್ಷ ಆತ್ರಿ" ಅಂದಳು. "ನಿಮಗ ತಿಳಿಸಬೇಕಂತ ಭಾಳ ಅನಕೊಂಡ್ವಿ. ನಂಬರ ಇರಲಿಲ್ಲ."

ನಾನು ಕುರ್ಚಿಯಲ್ಲಿ ಕೂತೆ. ಎಂಟು ವರ್ಷ. ಈ ಎಂಟು ವರ್ಷವೂ ನನ್ನ ಮನಸ್ಸಿನಲ್ಲಿ ಅವರು ಐತವಾರ ಐತವಾರ ಹಿನ್ನೀರಿಗೆ ಹೋಗುತ್ತಲೇ ಇದ್ದರು.

ಚಹಾ ಕೊಟ್ಟು ಅವಳು ಊರಿನ ಸುದ್ದಿ ಹೇಳಿದಳು. ಅಗಸಿ ಬಾಗಿಲಲ್ಲಿ ಈಗ ಸಿಮೆಂಟಿನ ವೀರ ನಿಂತಿದ್ದಾನಂತೆ, ಕೈಯಲ್ಲಿ ಕತ್ತಿ. ಕಲ್ಲು ಮತ್ತೆ ಕಾಣಲೇ ಇಲ್ಲವಂತೆ. ವರ್ಷ ವರ್ಷ ಹೂಳು ತುಂಬುತ್ತಿದೆ. ಆಮೇಲೆ ಎದ್ದು ಕಪಾಟಿನಿಂದ ಉದ್ದನೆಯದೊಂದು ನೋಟುಬುಕ್ಕು ತಂದಳು. ಕಾಕಾ ಅವರ ಅಕ್ಷರ. ಹುಡೇವಿನ ಬಾಗಿಲಿನಿಂದ ಇಷ್ಟು ಅಡಿ, ಸತ್ತ ಜಾಲಿಮರದಿಂದ ಇಷ್ಟು ಅಡಿ, ಎಡಕ್ಕೆ. ಅಳತೆಯಲ್ಲಿ ಒಂದು ಅಂಗುಲ ತಪ್ಪಿರಲಿಲ್ಲ ಎಂದು ಆ ದಾರಿ ನಡೆದಿದ್ದ ನನ್ನ ಕಾಲುಗಳಿಗೆ ಗೊತ್ತಾಯಿತು. ಪಕ್ಕದ ಪುಟದಲ್ಲಿ ಪೆನ್ಸಿಲಿನಿಂದ ಕಲ್ಲಿನ ಚಿತ್ರ ಬರೆದಿದ್ದರು. ಕಲ್ಲಿನ ಅಂಚು, ಒಡೆದ ಮೂಲೆ, ಮನುಷ್ಯನ ಅಗಲಿಸಿದ ಕಾಲು, ಸವೆದ ಮುಖ, ಎಲ್ಲ ಇತ್ತು. ಕೈಗಳಿದ್ದ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಅಲ್ಲಿ ಬರೆದು ಅಳಿಸಿದ ಗುರುತೂ ಇರಲಿಲ್ಲ.

"ಕಲ್ಲ ನೋಡಿದಾವ್ರು ಈಗ ನೀವೊಬ್ರ ಉಳದೀರಿ" ಅಂದಳು ಅವಳು. "ಏನಿತ್ರಿ ಅಂವನ ಕೈಯಾಗ? ಬರದು ಕೊಡ್ರಿ. ನನ್ನ ಮಗಳು ದಿನಾ ಕೇಳತಾಳ."

ಪೆನ್ಸಿಲು ನನ್ನ ಕೈಗೆ ಕೊಟ್ಟಳು. ಹೊರಗೆ ಬೆಳಗಾವಿ ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಕಾಕಾ, ಏನು ಬರೆಯಲಿ? ಕೇಳಲು ಯಾರೂ ಉಳಿದಿಲ್ಲ.

ಕೊನೆಗೆ ಆ ಖಾಲಿ ಜಾಗದಲ್ಲಿ ಒಂದು ದುಂಡನೆಯ ಗೆರೆ ಎಳೆದೆ. ಅಷ್ಟೇ ನನಗೆ ಗೊತ್ತಿದ್ದದ್ದು. ಅವಳು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

"ಹಲಗಿ," ಅಂದಳು. ಅವಳ ಕಣ್ಣು ತುಂಬಿದ್ದವು.

ನಾನು ಇನ್ನೊಂದು ಗೆರೆ ಎಳೆಯದೆ ಪೆನ್ಸಿಲು ಕೆಳಗಿಟ್ಟೆ.